ಮೂರನೆಯ ಮೆಟ್ಟಿಲು

ಆಶ್ರಮದ ಸ್ನಾನಘಟ್ಟದಲ್ಲಿ ಮೂರನೆಯ ಮೆಟ್ಟಿಲಿಗೆ ಎಷ್ಟು ಉಜ್ಜಿದರೂ ಪಾಚಿ. ಬೆಳಿಗ್ಗೆ ಅಲ್ಲಿ ಕೂತು, ನೀರಿಗಿಳಿಯುವವರಿಗೆ "ಮೂರನೆಯದು ಜಾರುತ್ತೆ" ಎಂದು ಕೂಗುವುದು ಶಿಷ್ಯ ಭುಜಂಗನ ಕೆಲಸ. ಅಷ್ಟೇ ಕೆಲಸ.

ಅವತ್ತು ಅವನ ಕೈಯಲ್ಲೊಂದು ಹಳೆಯ ಕಾದಂಬರಿ. ತನ್ನ ಊರು ಒಂದು ಯಂತ್ರ ಕಾಣುತ್ತಿರುವ ಕನಸು ಎಂದು ಅದರಲ್ಲಿ ಒಬ್ಬನಿಗೆ ಗೊತ್ತಾಗುತ್ತದೆ. ಹೆಂಡತಿ, ನೆರೆಯವರು, ಬೀದಿನಾಯಿ, ಯಾವುದೂ ನಿಜವಲ್ಲ.

ಭುಜಂಗ ಪುಟ ತಿರುಗಿಸಿದ. ತಿಪ್ಪಮ್ಮ ಜಾರಿಬಿದ್ದಳು.

ಆಶ್ರಮಕ್ಕೆ ಹೂ ಕಟ್ಟುವ ಮುದುಕಿ ಅವಳು. ಬಲಗೈ ಮಣಿಕಟ್ಟು ಮುರಿಯಿತು. ಭುಜಂಗ ಓಡಿಹೋಗಿ ಎತ್ತಿದ.

"ನೀನಿದ್ದದ್ದಕ್ಕೆ ಉಳಿದೆ ಕಣಪ್ಪಾ. ನಿನ್ನ ಹೊಟ್ಟೆ ತಣ್ಣಗಿರಲಿ."

ಅವಳ ಕಣ್ಣು ಮಂಜು. ಪುಸ್ತಕ ಕಂಡಿರಲಿಲ್ಲ. ಭುಜಂಗ ಬಾಯಿಬಿಡಲಿಲ್ಲ.

ಮಧ್ಯಾಹ್ನ ಪಂಕ್ತಿಯಲ್ಲಿ ಗುರುಗಳ ಪಕ್ಕ ಕೂತ.

"ಗುರುಗಳೇ, ಈ ಜಗತ್ತು ನಿಜವೇ?"

"ಯಾಕೆ?"

"ಯಾರದೋ ಕನಸಾಗಿದ್ದರೆ? ಆಗ ಯಾರಿಗೂ ಏನೂ ಆಗಿಲ್ಲ ಅಂತ ತಾನೇ?"

"ಯಾರಿಗೆ ಏನಾಯಿತು?"

ಭುಜಂಗನ ಕಣ್ಣು ಆಚೆ ಹೊರಳಿತು. ಗುರುಗಳೂ ಆ ಕಡೆ ನೋಡಿದರು.

ಎದುರು ಸಾಲಿನಲ್ಲಿ ತಿಪ್ಪಮ್ಮ ಎಲೆಯ ಮುಂದೆ ಸುಮ್ಮನೆ ಕೂತಿದ್ದಳು. ಬಲಗೈಗೆ ಬಿದಿರು ದಬ್ಬೆ ಕಟ್ಟಿತ್ತು. ಅನ್ನ ಹಬೆಯಾಡುತ್ತಿತ್ತು.

"ಎಡಗೈಲಿ ತಿನ್ನಮ್ಮಾ" ಎಂದರು ಯಾರೋ.

"ಎಪ್ಪತ್ತು ವರ್ಷ ತಿನ್ನದವಳು ಈಗ ತಿಂತೀನಾ? ಹಸಿವಿಲ್ಲ, ಬಿಡಿ."

ಗುರುಗಳು ಎದ್ದರು. ಭುಜಂಗನ ಎಲೆಯನ್ನು ಬಡಿಸಿದ್ದ ಹಾಗೇ ಎತ್ತಿ ಅವಳ ಎಲೆಯ ಪಕ್ಕದಲ್ಲಿಟ್ಟರು. ಬಂದು ತಮ್ಮ ಜಾಗದಲ್ಲಿ ಕೂತರು.

ಇಡೀ ಪಂಕ್ತಿ ನೋಡುತ್ತಿತ್ತು. ಭುಜಂಗ ಎದ್ದು ಹೋಗಿ ಅವಳ ಪಕ್ಕ ಕೂತ.

"ಅಜ್ಜೀ, ನಾನು ಕೂಗಲಿಲ್ಲ. ಓದ್ತಾ ಕೂತಿದ್ದೆ."

ತಿಪ್ಪಮ್ಮ ಅವನ ಕಡೆ ತಿರುಗಿದಳು.

"ಹಾಗಾದ್ರೆ ಬೆಳಿಗ್ಗೆ ಹರಸಿದ್ದು ವಾಪಸ್ ಕೊಡು."

ಅವಳೇ ಮುಂದುವರಿಸಿದಳು.

"ಏನಂಥ ಪುಸ್ತಕವೋ ಅದು?"

"ನಾವ್ಯಾರೂ ನಿಜ ಅಲ್ಲ ಅನ್ನೋ ಕಥೆ."

"ಹೌದಾ? ನನ್ನ ಕೈಗೊಂದು ಮಾತು ಹೇಳು ಅದನ್ನ. ರಾತ್ರಿ ನಿದ್ದೆಯಾದರೂ ಬಂದೀತು."

ಅವನ ಕಣ್ಣೀರು ಎಲೆಯ ಮೇಲೆ ಬಿತ್ತು.

"ಸಾರಿಗೆ ಉಪ್ಪು ಸಾಕಾಗಿದೆ ಕಣೋ, ಅಳಬೇಡ" ಎಂದು ಮುದುಕಿ ಬಾಯಿ ತೆರೆದಳು.

ಭುಜಂಗ ಕಣ್ಣು ಕೂಡ ಒರೆಸಿಕೊಳ್ಳದೆ ಅವಸರವಾಗಿ ತುತ್ತು ಕಲಸಿ ಎತ್ತಿದ.

ಆಚೆ ಸಾಲಿನಿಂದ ಗುರುಗಳು ಹೇಳಿದರು:

"ಬಿಸಿ ಇದೆ. ಊದಿ ಕೊಡು."