ಇಬ್ಬರೂ ಗೆದ್ದ ಮೀಟಿಂಗು

ರಸ್ತೆ ಅಗೆಯದೆ ಹಳೇ ಓಣಿಗೆ ನೀರಿನ ಪೈಪು ಹಾಕುವಂತಿರಲಿಲ್ಲ. ಅದಕ್ಕೆ ರಸ್ತೆ ಇಲಾಖೆಯ ಇಂಜಿನಿಯರು ಒಪ್ಪಬೇಕಿತ್ತು. ಅವರ ಕಚೇರಿಯ ವಿಡಿಯೋ ಮೀಟಿಂಗು ಒಂದು ಕಂಪನಿಯದು, ನೀರಿನ ಇಲಾಖೆಯದು ಇನ್ನೊಂದು ಕಂಪನಿಯದು. ಒಂದರಿಂದ ಇನ್ನೊಂದಕ್ಕೆ ಸೇರಲು ಬರುತ್ತಿರಲಿಲ್ಲ. “ಬೇಕಾದರೆ ಅವರೇ ನಮ್ಮ ಮೀಟಿಂಗಿಗೆ ಬರಲಿ” ಎಂದು ಇಬ್ಬರು ಇಂಜಿನಿಯರುಗಳೂ ಪಟ್ಟು ಹಿಡಿದರು. ಓಣಿಯ ಜನ ಹದಿನೈದು ದಿನದಿಂದ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುತ್ತಿದ್ದರು.

ತಾಲ್ಲೂಕು ಕಚೇರಿಯ ಕ್ಲರ್ಕ್ ನೀಲವ್ವ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದರು. “ಅವರು ನಿಮ್ಮ ಮೀಟಿಂಗಿಗೇ ಬರ್ತಾರ್ರೀ ಸರ್. ಆದ್ರ ಆ ಮಾತು ಎತ್ತಬ್ಯಾಡ್ರಿ, ನೊಂದ್ಕೋತಾರ.”

ಮರುದಿನ ನೀಲವ್ವ ತಮ್ಮ ಕಚೇರಿಯ ಮೀಟಿಂಗ್ ಹಾಲಿನ ದೊಡ್ಡ ಪರದೆಯಲ್ಲಿ ಒಬ್ಬರ ಮೀಟಿಂಗು ತೆರೆದರು, ಲ್ಯಾಪ್‌ಟಾಪಿನಲ್ಲಿ ಇನ್ನೊಬ್ಬರದು. ಒಂದರ ಕ್ಯಾಮೆರಾಕ್ಕೆ ಇನ್ನೊಂದರ ಮುಖ ಕಾಣುವಂತೆ, ಮಾತು ಕೇಳುವಂತೆ ಎರಡನ್ನೂ ಎದುರುಬದುರು ಮಾಡಿ ಪಕ್ಕಕ್ಕೆ ಕೂತರು.

ಗೆದ್ದವರ ಔದಾರ್ಯ ಇಬ್ಬರಲ್ಲೂ ಉಕ್ಕುತ್ತಿತ್ತು. “ನೀವು ಹೇಳಿದಂಗ ಆಗಲಿ” ಎಂದರು ಒಬ್ಬರು. “ಛೇ, ನೀವು ಹೇಳಿದಂಗ” ಎಂದರು ಇನ್ನೊಬ್ಬರು. ಹತ್ತೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು.

ಸಂಜೆ ರಸ್ತೆ ಇಂಜಿನಿಯರು ಫೋನ್ ಮಾಡಿದರು. “ಪಾಪ, ತಗ್ಗಿ ಬಂದ್ರಲ್ಲ. ಯಾರ ಮುಂದೂ ಹೇಳಬ್ಯಾಡವಾ, ಅವರಿಗೂ ಮರ್ಯಾದಿ ಇರತದ.”

ಸ್ವಲ್ಪ ಹೊತ್ತಿಗೆ ನೀರಿನ ಇಂಜಿನಿಯರೂ ಫೋನ್ ಮಾಡಿ ಅದನ್ನೇ ಹೇಳಿದರು.

“ಇಲ್ರೀ ಸರ್, ಹೇಳಂಗಿಲ್ಲ” ಎಂದರು ನೀಲವ್ವ. ಇಬ್ಬರಿಗೂ ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.