ನಿಂತುಹೋದ ನೋವು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹೆರಿಗೆ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವರು ವೈದ್ಯೆ ಅನಸೂಯಮ್ಮ. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಚೆನ್ನಾಜಿ.

ಅವತ್ತು ಅನಸೂಯಮ್ಮ ಊಟಕ್ಕೆ ಹೋದಾಗ, ಹೆರಿಗೆಗೆ ಬಂದಿದ್ದ ಹಾಲಮ್ಮನ ನೋವು ಸಡಿಲವಾಯಿತು. ಚೆನ್ನಾಜಿಯ ಜೀವ ಬಾಯಿಗೆ ಬಂತು. ನೋವು ಮರಳದಿದ್ದರೆ ಬಸುರಿಯನ್ನು ದೋಣಿಯಲ್ಲಿ ದೊಡ್ಡಾಸ್ಪತ್ರೆಗೆ ದಾಟಿಸಬೇಕು. ಹೊಳೆಯೋ ಉಕ್ಕಿ ಹರಿಯುತ್ತಿದೆ, ದೇವರೇ ಗತಿ!

ಕಟ್ಟಿದ್ದೆಲ್ಲ ಬಿಚ್ಚಿದರೆ ಹೆರಿಗೆ ಸಲೀಸು ಅಂತ ತನ್ನಜ್ಜಿ ಮಾಡುತ್ತಿದ್ದುದನ್ನೇ ಚೆನ್ನಾಜಿಯೂ ಮಾಡಿದಳು. ಹಾಲಮ್ಮನ ಜಡೆ ಬಿಚ್ಚಿದಳು, ಸೆರಗಿನ ಗಂಟು ಬಿಚ್ಚಿದಳು, ಪೆಟ್ಟಿಗೆಗಳ ಬೀಗ ತೆಗೆದಳು. ಬಾಗಿಲು, ಕಿಟಕಿ ಎಲ್ಲಾ ಹಾರುಹೊಡೆದು ತೆರೆದಳು.

ಸರಿ, ಹಾಲಮ್ಮನ ಅತ್ತೆ ಬಂದು ಇಣುಕಿದಳು. ನಾದಿನಿ ಇಣುಕಿದಳು. ದೋಣಿಯವನ ಹೆಂಡತಿಯೂ ಬಂದಳು. "ಇನ್ನೂ ಆಗಿಲ್ವಾ?"

ಹಾಲಮ್ಮ ಸೀರೆ ಎಳೆದುಕೊಂಡು ಮುದುರಿದಳು. ನೋವು ಪೂರ್ತಿ ನಿಂತಿತು.

"ಅಮ್ಮಾ, ಒಂದು ಗಂಟೂ ಬಿಚ್ಚದೆ ಬಿಟ್ಟಿಲ್ಲ. ಆದ್ರೂ ಹಿಂಗಾಯ್ತಲ್ಲಾ!" ಚೆನ್ನಾಜಿ ಅನಸೂಯಮ್ಮನ ಬಳಿಗೆ ಓಡಿಹೋಗಿ ಅತ್ತಳು.

ಅನಸೂಯಮ್ಮ ಬಂದು ಹೊಟ್ಟೆಗೆ ಕಿವಿಗೊಟ್ಟು ಕೇಳಿದರು. "ಮಗು ಆರಾಮಾಗಿದೆ."

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲ ಚಿಲಕ ಹಾಕಿದರು. ಕಿಟಕಿ ಮುಚ್ಚಿದರು. ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ, ಸೊಪ್ಪಿನ ಬುಟ್ಟಿ ಹಿಡಿದು ಕೂತರು.

"ಬಾ, ಸೊಪ್ಪು ಬಿಡಿಸು."

"ಈಗಲಾ?"

"ಈಗಲೇ. ಅವಳನ್ನ ನೋಡ್ತಾ ಕೂರಬೇಡ."

"ಔಷಧಿ ಬೇಡ್ವಾ ಅಮ್ಮಾ?"

"ಅವಳ ತಲೆಯೊಳಗೇ ಇದೆ. ಗರ್ಭಕೋಶ ಬಿಗಿಸೋ ಹಾರ್ಮೋನು ಅಲ್ಲಿಂದ ಇಳಿದು ಬರಬೇಕು. ಹೆದರಿದ್ರೆ ಇನ್ನೊಂದು ಹಾರ್ಮೋನು ನುಗ್ಗಿ ಅದಕ್ಕೆ ಅಡ್ಡ ನಿಲ್ಲುತ್ತೆ."

"ಅವಳನ್ನ ಹೆದರಿಸಿದ್ದು ಯಾರು?"

ಅನಸೂಯಮ್ಮ ಚಿಲಕ ಹಾಕಿದ ಬಾಗಿಲ ಕಡೆ ಕಣ್ಣು ಹಾಯಿಸಿ, ಇನ್ನೊಂದು ಕಟ್ಟು ಸೊಪ್ಪು ಅವಳ ಮಡಿಲಿಗೆ ಹಾಕಿದರು. ಚೆನ್ನಾಜಿ ತಲೆ ತಗ್ಗಿಸಿ ಬಿಡಿಸಿದಳು.

ಬುಟ್ಟಿ ಅರ್ಧ ತುಂಬುವಾಗ ಹಿಂದಿನಿಂದ ಸಣ್ಣ ನರಳಿಕೆ ಕೇಳಿತು. ಆಮೇಲೆ ಇನ್ನೊಂದು, ಅದಕ್ಕಿಂತ ಜೋರಾಗಿ.

"ಬಂತಮ್ಮಾ, ನೋವು ಬಂತು!"

"ಮೆತ್ತಗೆ ಮಾತಾಡೇ!"

ಹೊತ್ತು ಮುಳುಗುವ ಮುಂಚೆ ಹೆಣ್ಣುಮಗು ಚೀರಿತು. ಅನಸೂಯಮ್ಮ ಅದನ್ನು ತಾಯಿಯ ಎದೆಗೆ ಹಾಕಿದರು. "ಮಗು ಚೀಪಿದ್ರೆ ಅದೇ ಹಾರ್ಮೋನು ಇನ್ನಷ್ಟು ಇಳಿಯುತ್ತೆ. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲುತ್ತೆ." ಹಾಗೇ ಆಯಿತು. ಚೆನ್ನಾಜಿಗೆ ಹೋದ ಜೀವ ಬಂದಂತಾಯಿತು. ಅಳುತ್ತಳುತ್ತಲೇ ನಕ್ಕಳು.

ಹೊರಗೆ ಅತ್ತೆ ಹೇಳುತ್ತಿದ್ದಳು: "ಬೀಗ, ಗಂಟು ಎಲ್ಲಾ ಬಿಚ್ಚಿದ್ದಕ್ಕೇ ಸಲೀಸಾಯ್ತು, ನೋಡ್ರೇ!"

ಚೆನ್ನಾಜಿ ಮೆಲ್ಲಗೆ ಕೇಳಿದಳು: "ಅಮ್ಮಾ, ಮುಂದಿನ ಸಲ ಗಂಟು ಬಿಚ್ಚಲೋ, ಬೇಡ್ವೋ?"

"ಬಿಚ್ಚು ಮಗಳೇ," ಅಂದರು ಅನಸೂಯಮ್ಮ. "ಬಾಗಿಲು ಹಾಕಿಕೊಂಡು ಬಿಚ್ಚು."