ಮೇಲಕ್ಕೆ ಹರಿಯುವ ನೀರು

ಹೊಳೆಯ ಈ ದಡದಲ್ಲಿ ಒಂದು ಆಶ್ರಮ, ಆ ದಡದಲ್ಲಿ ಒಂದು ಹಟ್ಟಿ. ಹಟ್ಟಿಯ ಮಂದಿಗೆ ಅಕ್ಷರ ಕಲಿಸಲು ವರ್ಷಕ್ಕೊಬ್ಬರು ಆಶ್ರಮದಿಂದ ಹೋಗುತ್ತಿದ್ದರು.

ಹೋಗುವವರಿಗೆ ಒಂದು ಕಟ್ಟಳೆಯಿತ್ತು. ಭಾದ್ರಪದದ ತುಂಬು ಹೊಳೆಯನ್ನು ಹರಿಗೋಲಿನಲ್ಲಿ ಒಬ್ಬರೇ ದಾಟಬೇಕು. ಹುಣ್ಣಿಮೆಯವರೆಗೆ ಮೂರು ಸಲ ಯತ್ನಿಸಬಹುದು. ಮೂರೂ ತಪ್ಪಿದರೆ ಆ ವರ್ಷ ಹಟ್ಟಿಗೆ ಗುರುವಿಲ್ಲ. ತಪ್ಪಿದವರಿಗೆ ಮತ್ತೆಂದೂ ಅವಕಾಶವಿಲ್ಲ.

ಆ ವರ್ಷ ಮುಂದೆ ಬಂದವಳು ಹಂಪವ್ವ. ಹೊಳೆಯನ್ನೇ ಕಾಣದ ಒಣನೆಲದಲ್ಲಿ ಹುಟ್ಟಿ ಬೆಳೆದವಳು. ಮೂವತ್ತು ದಾಟಿದ ಮೇಲೆ ಆಶ್ರಮಕ್ಕೆ ಬಂದು ತನ್ನ ಹೆಸರು ಬರೆಯಲು ಕಲಿತವಳು. ಕಲಿತದ್ದನ್ನು ಇನ್ನೊಬ್ಬರ ಕೈಗೆ ದಾಟಿಸಬೇಕೆಂಬ ಹಂಬಲ ಅವಳನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಮೊದಲ ಸಲ ಹರಿಗೋಲು ಬುಗುರಿಯಂತೆ ತಿರುಗಿ ತಿರುಗಿ ಆಶ್ರಮದ ಮೆಟ್ಟಿಲಿಗೇ ಬಂದು ಬಡಿಯಿತು. ಎರಡನೆಯ ಸಲ ಸೆಳವು ಅವಳನ್ನು ದೂರ ಕೆಳಗೆ ಒಯ್ದು ಜಾಲಿಯ ಮುಳ್ಳಿಗೆ ಸಿಕ್ಕಿಸಿತು.

ಒದ್ದೆ ಸೀರೆಯಲ್ಲೇ ಬಂದು ಅವಳು ಹುಟ್ಟನ್ನು ಗುರುಗಳ ಮುಂದಿಟ್ಟಳು. ಗುರುಗಳ ಹೆಸರು ಕರಿಬಸಯ್ಯ. ಕರೆಯುವುದು ಮಾತ್ರ ಎಲ್ಲರೂ ಅಜ್ಜಾರು ಎಂದೇ.

“ಸಾಕು ಅಜ್ಜಾರ. ನನ್ನ ತೋಳಾಗ ಕಸುವಿಲ್ಲ.”

“ತೋಳು ತೋರಿಸು.”

ತೋರಿಸಿದಳು.

“ದಿನಾ ಬಾವಿಯಿಂದ ನಲವತ್ತು ಕೊಡ ನೀರು ಸೇದೋ ತೋಳಿದು. ಬ್ಯಾರೆ ನೆವ ಹುಡುಕು.”

ಹಂಪವ್ವ ತಲೆ ತಗ್ಗಿಸಿದಳು. “ಮನಸ್ಸಿಲ್ಲ ಅಜ್ಜಾರ. ಆಸೆ ಇತ್ತು. ಹೊಳ್ಯಾಗ ಹೋತು.”

“ಹಂಗಾದ್ರ ಅಲ್ಲೇ ಹುಡುಕು. ಹುಣ್ಣಿಮೆಗೆ ಇನ್ನೂ ಹತ್ತು ದಿನ ಐತಿ. ಅಲ್ಲೀತನಕ ಹರಿಗೋಲು ಮುಟ್ಟಬ್ಯಾಡ. ದಿನಾ ದಂಡಿಗೆ ಹೋಗು. ನಿನ್ನೆ ಕಾಣದ್ದು ಒಂದು ಕಂಡು ಬಂದು ನನಗ ಹೇಳು.”

ಮೊದಲ ಸಂಜೆ ಅಜ್ಜಾರು ಕೇಳಿದರು. “ಏನು ಕಂಡಿ?”

“ನೀರು ಹರಿಯಾಕತ್ತೈತಿ.”

“ನಿನ್ನೆ ನಿಂತಿತ್ತೇನು?”

ಅಡುಗೆಯ ದುರಗಪ್ಪ ಒಲೆಯ ಮುಂದೆ ಕೂತೇ ಕಿಸಕ್ಕನೆ ನಕ್ಕ.

ಎರಡನೆಯ ದಿನ ಅವಳು ದಡಕ್ಕೇ ಹೋಗಲಿಲ್ಲ. ದನದ ಕೊಟ್ಟಿಗೆಯ ಹಿಂದೆ ಮಲಗಿ ಹೊತ್ತು ಕಳೆದು, ಸಂಜೆ ಬಂದು ಹೇಳಿದಳು.

“ದೊಡ್ಡ ಮೀನು ಕಂಡೆ ಅಜ್ಜಾರ.”

“ಹೌದಾ! ಯಾವ ಕಡೆ ಮುಖ ಮಾಡಿತ್ತು?”

ಹಂಪವ್ವ ತಡವರಿಸಿದಳು. “ಮೀನಿನ ಮುಖ ಯಾವ ಕಡೆ ಇದ್ದರೇನ್ರಿ?”

“ನನಗ ಗೊತ್ತಿಲ್ಲ. ಅದಕ್ಕ ಕೇಳಿದೆ.”

ಸುಳ್ಳು ಸಿಕ್ಕಿಬಿದ್ದ ಸಿಟ್ಟಿಗೆ ಮರುದಿನ ಬೆಳಕು ಹರಿಯುತ್ತಲೇ ಅವಳು ದಡದಲ್ಲಿದ್ದಳು. ಕೆಸರು ಇಳಿದಿತ್ತು, ನೀರು ಇಳಿದಿರಲಿಲ್ಲ. ಮೆಟ್ಟಿಲ ಬಳಿ ಬೆರಳುದ್ದದ ಮೀನುಗಳೆಲ್ಲ ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು.

ದಡ ಹಿಡಿದು ಕೆಳಗೆ ನಡೆದಳು. ಒಂದು ಹುಣಸೆಮರದ ಬಳಿ ದಡ ಒಳಕ್ಕೆ ಬಾಗಿತ್ತು. ಅಲ್ಲಿ ಮೀನುಗಳು ಹೊರಳಿ ನಿಂತಿದ್ದವು, ಹೊಳೆ ಬರುವ ದಿಕ್ಕಿಗೆ ಬೆನ್ನು ಹಾಕಿ ಮುನಿಸಿಕೊಂಡವರ ಹಾಗೆ.

ಹಂಪವ್ವ ಕೂತಳು. ತುಂಬ ಹೊತ್ತು ಕೂತಳು. ಆಮೇಲೆ ಒಂದು ಒಣ ಎಲೆಯನ್ನು ನೀರಿಗೆ ಬಿಟ್ಟಳು.

ಎಲೆ ಹೊಳೆಗೆ ಎದುರಾಗಿ, ಮೆಲ್ಲಗೆ, ಮೇಲಕ್ಕೆ ಹೊರಟಿತು.

ಅವಳು ಓಡಿ ಬಂದಾಗ ಅಜ್ಜಾರು ಊಟಕ್ಕೆ ಕೂತಿದ್ದರು.

“ಅಜ್ಜಾರ! ದಂಡಿ ನೀರು ಮೇಲಕ್ಕ ಹರೀತೈತ್ರಿ!”

ಅಜ್ಜಾರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. “ಎಲ್ಲೀತನಕ?”

“ಎಲ್ಲೀತನಕ ಅಂದ್ರ?”

“ಅಷ್ಟು ನೋಡದ ಬಂದಿಯೇನು?”

ಬಂದ ಕಾಲಲ್ಲೇ ಅವಳು ತಿರುಗಿದಳು. “ಉಂಡು ಹೋಗವ್ವಾ!” ಎಂದು ದುರಗಪ್ಪ ಕೂಗಿದ. ಕೇಳಿಸಿಕೊಳ್ಳಲು ಅಲ್ಲಿ ಅವಳಿರಲಿಲ್ಲ.

ಅಂದಿನಿಂದ ಅಡುಗೆಮನೆಯ ಜೋಳದ ಹೊಟ್ಟು ಮಾಯವಾಗತೊಡಗಿತು. ಹಂಪವ್ವ ಮಡಿಲು ತುಂಬಿಕೊಂಡು ಹೋಗಿ ಹಿಡಿ ಹಿಡಿಯಾಗಿ ನೀರಿಗೆ ಚೆಲ್ಲುವಳು. ಹೊಟ್ಟು ದಡಗುಂಟ ಮೇಲೇರಿ, ಮೆಟ್ಟಿಲ ಹತ್ತಿರ ಬಂದು, ಅಲ್ಲಿಂದ ನಡುಹೊಳೆಯ ಕಡೆಗೆ ಬಾಗುತ್ತಿತ್ತು. ನಡುವೆ ಆನೆಯ ಬೆನ್ನಿನಂಥ ಒಂದು ಬಂಡೆ. ಅದರ ಕೆಳಮಗ್ಗುಲಲ್ಲಿ ನೀರು ಬಟ್ಟಲಲ್ಲಿಟ್ಟಂತೆ ತೆಪ್ಪಗಿರುತ್ತಿತ್ತು.

“ಅಜ್ಜಾರ, ಎಮ್ಮಿಗೆ ಏನು ಹಾಕ್ಲಿ?” ದುರಗಪ್ಪ ದೂರು ತಂದ. “ಈಕಿ ಹೊಟ್ಟೆಲ್ಲ ಹೊಳಿಗೆ ಉಣಿಸ್ತಾಳ.”

“ಎಮ್ಮಿಗೆ ಹುಲ್ಲು ಹಾಕು. ಹೊಳಿ ಹಸದೈತಿ.”

ಏಳನೆಯ ಸಂಜೆ ಹಂಪವ್ವ ಮೂರು ಸಂಗತಿ ಹೊತ್ತು ತಂದಳು. ಬಿಸಿಲೇರಿದ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೊರೆಯ ಗೆರೆ ಎಲ್ಲಿ ಮುರಿಯುತ್ತದೆ, ಬರಿಯ ಹರಿಗೋಲನ್ನು ಹಗ್ಗ ಕಟ್ಟಿ ಬಿಟ್ಟರೆ ಅದು ಎತ್ತ ತಿರುಗುತ್ತದೆ.

“ಹರಿಗೋಲು ಮುಟ್ಟಬ್ಯಾಡ ಅಂದಿದ್ದೆ.”

“ಹಗ್ಗ ಅಷ್ಟೇ ಮುಟ್ಟೀನ್ರಿ.”

ಅಜ್ಜಾರು ನಗು ತಡೆದುಕೊಂಡರು. “ದಿನಕ್ಕೊಂದೇ ಸಾಕು. ಉಳಿದದ್ದು ನಾಳೆಗೆ ಇಟ್ಟುಕೊ.”

“ನಾಳೆಗೆ ಬ್ಯಾರೇನೇ ಇರ್ತಾವ, ಅಜ್ಜಾರ!”

ಹುಣ್ಣಿಮೆಯ ದಿನ ಬೆಳಿಗ್ಗೆ ಈ ದಡದಲ್ಲಿ ಆಶ್ರಮದವರೆಲ್ಲ ನೆರೆದರು. ಆ ದಡದಲ್ಲಿ ಹಟ್ಟಿಯವರು ನೆರೆದರು. ಹೆಂಗಸರು ಹಲಗೆ, ಬಳಪಗಳನ್ನು ಆಗಲೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.

ಹಂಪವ್ವ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಮೆಟ್ಟಿಲ ಕಡೆ ಬಂದಳು. ಮೆಟ್ಟಿಲನ್ನು ದಾಟಿ ಕೆಳಗೆ ನಡೆದುಬಿಟ್ಟಳು.

“ಹಟ್ಟಿ ಎದುರಿಗೈತಿ, ಈಕಿ ಎತ್ತಾಗ ಹೊಂಟಳು?” ದುರಗಪ್ಪ ಕೂಗಿದ. “ತವರಿಗೇನವ್ವಾ?”

ಹುಣಸೆಮರದ ಬಳಿ ಅವಳು ಹರಿಗೋಲನ್ನು ನೀರಿಗಿಳಿಸಿ ಹತ್ತಿ ಕೂತಳು. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಹರಿಗೋಲು ತಾನಾಗಿ ಮೇಲಕ್ಕೆ ತೇಲತೊಡಗಿತು. ಜನ ಬಾಯಿ ತೆರೆದು ನಿಂತರು.

ಮೆಟ್ಟಿಲ ಬಳಿ ನೀರು ನಡುಹೊಳೆಗೆ ಬಾಗಿತು. ಆಗ ಹುಟ್ಟು ಕೈಗೆ ಬಂತು. ಬಂಡೆಗೂ ಅವಳಿಗೂ ನಡುವೆ ಹೊಳೆಯ ಅತಿ ಬಿರುಸಿನ ಸೆಳವು. ಹರಿಗೋಲು ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು. ಹಿಂದೆ ಎರಡು ಸಲವೂ ಅವಳು ಪಕ್ಕಕ್ಕೆ ಹುಟ್ಟು ಹಾಕಿ ತಿರುಗಣಿಗೆ ಬಿದ್ದಿದ್ದಳು. ಈ ಸಲ ಮುಂದಕ್ಕೆ ಬಾಗಿ, ನೀರನ್ನು ತನ್ನತ್ತ ಸೇದಿದಳು. ಬಾವಿಯಿಂದ ಕೊಡ ಸೇದುವಂತೆ, ಉಸಿರು ಬಿಗಿಹಿಡಿದು, ನಲವತ್ತು ಸಲ.

ಹರಿಗೋಲು ಬಂಡೆಯ ಕೆಳಮಗ್ಗುಲ ನೀರಿಗೆ ಜಾರಿ ನಿಂತಿತು.

ಅಲ್ಲಿಂದ ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ಬಂಡೆಯ ಆಚೆಗಿನ ನೀರು ಈ ದಡಕ್ಕೆ ಎಂದೂ ಕಂಡಿರಲಿಲ್ಲ.

“ಹೊಡಿಯವ್ವಾ, ಹೊಡಿ!” ಎರಡೂ ದಡದಿಂದ ಕೂಗು ಎದ್ದಿತು.

ಅವಳು ಹೊಡೆಯಲಿಲ್ಲ. ಒಂದು ಕೈಯಲ್ಲಿ ಬಂಡೆಯನ್ನು ಹಿಡಿದು, ಇನ್ನೊಂದನ್ನು ಮೊಣಕೈವರೆಗೆ ನೀರಿಗೆ ಇಳಿಬಿಟ್ಟು ಕೂತಳು. ಕೂಗು ಒಂದೊಂದಾಗಿ ಅಡಗಿತು. ಹೆದರಿದಳೆಂದು ಕೆಲವರು ಮುಖ ತಿರುಗಿಸಿದರು.

ದೂರದಿಂದ ಅವಳ ಮುಖದ ಮೇಲಿನ ನಗು ಯಾರಿಗೂ ಕಾಣುವಂತಿರಲಿಲ್ಲ. ಒಂದು ಸಣ್ಣ ಸೆಳವು ಅವಳ ಬೆರಳುಗಳನ್ನು ಓರೆಯಾಗಿ ಹಟ್ಟಿಯ ಕಡೆಗೆ ಎಳೆಯುತ್ತಿತ್ತು.

ಬಂಡೆಯನ್ನು ಬಿಟ್ಟಳು.

ಹಟ್ಟಿಯ ಹೆಂಗಸರು ಸೊಂಟದುದ್ದ ನೀರಿಗಿಳಿದು ಹರಿಗೋಲನ್ನು ಹಿಡಿದುಕೊಂಡರು. ಅವಳನ್ನು ಹರಿಗೋಲಿನ ಸಮೇತ ಎತ್ತಿ ದಡಕ್ಕೆ ಒಯ್ದರು. ತಮಟೆಯ ಸದ್ದಿಗೆ ಹೊಳೆಯ ಸದ್ದೇ ಕೇಳದಾಯಿತು. ಈ ದಡದಲ್ಲಿ ದುರಗಪ್ಪ ಕೈಯಲ್ಲಿದ್ದ ಸೌಟನ್ನು ಆಕಾಶಕ್ಕೆ ಎಸೆದು ಕುಣಿದ.

ಇಳಿಹೊತ್ತಿಗೆ ಅವಳು ಅಜ್ಜಾರಿಗೆ ಹೇಳಿ ಹೋಗಲು ಅದೇ ಹೊಳೆಯನ್ನು ದಾಟಿ ಹಿಂದಕ್ಕೆ ಬಂದಳು. ಅಜ್ಜಾರು ಮೆಟ್ಟಿಲ ಮೇಲೆ ಕಾದಿದ್ದರು. ಹಂಪವ್ವ ಹರಿಗೋಲಿನಲ್ಲೇ ನಿಂತು ಕೈ ಮುಗಿದಳು.

“ಈ ದಾರಿ ನಿಮಗ ಗೊತ್ತಿತ್ತಲ್ಲ ಅಜ್ಜಾರ. ಮೊದಲೇ ಹೇಳಿದ್ರ ಎರಡು ಸಲ ಸೋಲೋದು ತಪ್ಪುತಿತ್ತು.”

“ನನಗೆಲ್ಲಿ ಗೊತ್ತಿತ್ತವ್ವಾ! ಮೆಟ್ಟಿಲಿಂದ ನೆಟ್ಟಗ ಬಡಕೊಂಡು ಹೋಗಿ, ಮೂರನೇ ಸಲಕ್ಕ ಹೆಂಗೋ ಆಚೆ ಬಿದ್ದವ ನಾನು. ಭುಜ ಇನ್ನೂ ನೋಯ್ತೈತಿ.”

ಹೇಳುತ್ತಲೇ ಅಜ್ಜಾರು ಕಾವಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದರು. ಒಂದೊಂದೇ ಮೆಟ್ಟಿಲು ಇಳಿದು ಬಂದು ಹರಿಗೋಲಿನೊಳಗೆ ಕಾಲಿಟ್ಟರು.

“ಅಜ್ಜಾರ, ಎಪ್ಪತ್ತೆಂಟು ವರ್ಷ ಆಗ್ಯಾವ ನಿಮಗ!” ದುರಗಪ್ಪ ಮೇಲಿನಿಂದ ಬಾಯಿ ಮಾಡಿದ.

ಅಜ್ಜಾರು ತಿರುಗಿಯೂ ನೋಡಲಿಲ್ಲ. ಕೈ ಚಾಚಿದರು.

“ಹುಟ್ಟು ನನ್ನ ಕೈಗೆ ಕೊಡು, ಹಂಪವ್ವಾ. ನೀ ದಾರಿ ಹೇಳು.”